ಇನ್ನೂರ ಹದಿನಾಲ್ಕನೇ ಬ್ಲಾಕು

ಬೆಳಗಿನಿಂದ ಅವಳಿಗೆ ತನ್ನ ಬಲಗೈಯ ಮೇಲೇ ಗುಮಾನಿ. ಚಕ್ರ ತಿರುಗಿಸುವ ಕೈ ಅದು. ನಾಲ್ಕು ವರ್ಷದಿಂದ, ಅವಳು ಯೋಚಿಸುವ ಮೊದಲೇ ಕೆಲಸ ಮುಗಿಸಿ ಸುಮ್ಮನಾಗುತ್ತಿದ್ದ ಕೈ, ಇವತ್ತು ಚಕ್ರದ ಹಿಡಿಯ ಮೇಲೆ ಯಾರೋ ಮರೆತುಹೋದ ಕೈಗವಸಿನ ಹಾಗೆ ಕೂತಿತ್ತು. ಎದುರಿಗೆ ಮಂಜುಗಡ್ಡೆಯ ತಟ್ಟೆಯ ಮೇಲೆ ಬ್ಲಾಕುಗಳು ಸಾಲಾಗಿ ತಣ್ಣಗಾಗುತ್ತಿದ್ದವು. ಒಬ್ಬರ ನಾಲಿಗೆಯದು, ಒಬ್ಬರ ಕೆನ್ನೆಯ ಒಳಗಿನದು, ಇನ್ನೊಬ್ಬರ ಗಂಟಲಿನದು. ಒಂದೊಂದು ಚೂರನ್ನೂ ಬಿಳಿ ಮೇಣದಲ್ಲಿ ಹುದುಗಿಸಿ, ಬೆಂಕಿಪೊಟ್ಟಣದಷ್ಟು ಮಾಡಿ, ಅಂಚಿನಲ್ಲಿ ಪೆನ್ಸಿಲಿನಿಂದ ನಂಬರು ಬರೆದದ್ದು. ಅದನ್ನು ಮಷೀನಿಗೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಬ್ಲಾಕು ಮೇಲಿನಿಂದ ಬ್ಲೇಡಿನ ಮೇಲೆ ಇಳಿದು, ಈರುಳ್ಳಿಯ ಸಿಪ್ಪೆಗಿಂತ ತೆಳ್ಳಗಿನ ಎಳೆಯೊಂದು ಸುರುಳಿ ಸುತ್ತಿಕೊಂಡು ಬರುತ್ತದೆ. ಆ ಸುರುಳಿಗಳನ್ನು ಇಕ್ಕಳದಿಂದ ಎತ್ತಿ ಸಣ್ಣ ಟ್ಯೂಬಿಗೆ ಹಾಕಿ ಮುಚ್ಚಳ ಒತ್ತಿದರೆ ಅವಳ ಕೆಲಸ ಮುಗಿಯಿತು. ಆಮೇಲಿನದು ಗಾಜಿನ ಗೋಡೆಯ ಆಚೆಗಿನ ಡಾಕ್ಟರಮ್ಮನದು. ಅಂಥ ಸುರುಳಿ ಎಷ್ಟು ಸಾವಿರ ಎತ್ತಿದ್ದಾಳೋ. ಒಂದೂ ಹರಿದಿಲ್ಲ, ಒಂದೂ ಹಾರಿಹೋಗಿಲ್ಲ. ಓದದಿದ್ದರೇನು, ಇವಳ ಕೈಯಲ್ಲಿ ದೇವರಿದ್ದಾನೆ ಎಂದು ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರಿಗಿಂತ ಹಳಬಳಾದ ದೊಡ್ಡಕ್ಕ ಬಂದವರಿಗೆಲ್ಲ ಹೇಳುತ್ತಾಳೆ. ಹಾಗೆ ಹೇಳಿದಾಗಲೆಲ್ಲ ಅವಳಿಗೆ ಹೊಗಳಿಕೆಗಿಂತ ಮೊದಲು ‘ಓದದಿದ್ದರೇನು’ ಎಂಬುದೇ ಕೇಳಿಸುತ್ತದೆ.

ಒಂದು ಬ್ಲಾಕಿಗೆ ಒಂದು ಬ್ಲೇಡು. ದೊಡ್ಡಕ್ಕ ಮೊದಲ ದಿನ ಹೇಳಿಕೊಟ್ಟದ್ದೇ ಇದನ್ನು. ಎರಡು ಬ್ಲಾಕಿಗೆ ಒಂದೇ ಬ್ಲೇಡು ಹಾಕಿದರೆ ಒಬ್ಬರ ಎಂಜಲು ಇನ್ನೊಬ್ಬರ ಬಾಯಿಗೆ ಹಾಕಿದ ಹಾಗೆ ಅಂದಿದ್ದಳು. ಕಣ್ಣಿಗೆ ಕಾಣದ ಒಂದು ಎಳೆ ಅಂಚಿಗೆ ಅಂಟಿಕೊಂಡಿದ್ದರೂ ಸಾಕು, ಡಾಕ್ಟರಮ್ಮನ ಪರೀಕ್ಷೆ ಅದನ್ನು ಹುಡುಕಿ ಲೆಕ್ಕ ಹಿಡಿಯುತ್ತದೆ. ಶುಕ್ರವಾರ ಇನ್ನೂರ ಹದಿಮೂರು ಮುಗಿಸಿ ಬ್ಲೇಡಿನ ಡಬ್ಬಿಗೆ ಕೈ ಹಾಕಿದರೆ ಡಬ್ಬಿ ಖಾಲಿ. ಖಾಲಿಯಾದರೇನು, ಸ್ಟೋರು ಎರಡು ಬಾಗಿಲಾಚೆ ಇದೆ, ಹೋಗಿ ಚೀಟಿ ಬರೆದುಕೊಟ್ಟರೆ ಡಬ್ಬಿ ಕೊಡುತ್ತಾರೆ. ಆ ಚೀಟಿಯೇ ಅವಳ ಕಾಲಿಗೆ ಅಡ್ಡ ಬಂದದ್ದು. ಸ್ಟೋರಿನವರನ್ನು ಎಲ್ಲರೂ ಬೀಗದಪ್ಪ ಅನ್ನುತ್ತಾರೆ. ಹತ್ತಿ ಕೊಡುವಾಗಲೂ ಒಮ್ಮೆ ಬೀಗ ತೆಗೆದು ಒಮ್ಮೆ ಹಾಕುವ ಮನುಷ್ಯ. ಹೋದ ತಿಂಗಳು ಅವಳು ಬರೆದ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, ಅಲ್ಲಿ ನಿಂತಿದ್ದ ನಾಲ್ಕು ಜನಕ್ಕೂ ಕೇಳುವಂತೆ ಓದಿದ್ದರು. “ಬೆ-ಲೆ-ಡು! ಏನಮ್ಮ ಇದು, ಯಾವ ಊರಿನ ಬೆಲೆಡು? ನಮ್ಮಲ್ಲಿ ಬ್ಲೇಡು ಮಾತ್ರ ಇದೆ, ಪರವಾಗಿಲ್ವಾ?” ನಾಲ್ಕು ಜನ ನಕ್ಕಿದ್ದರು. ನಕ್ಕವರಲ್ಲಿ ಕೆಟ್ಟವರು ಒಬ್ಬರೂ ಇರಲಿಲ್ಲ, ಅದೇ ಕಷ್ಟ. ಅವಳೂ ನಕ್ಕಿದ್ದಳು, ಜೊತೆಗೆ. ಹಾಗೆ ನಕ್ಕದ್ದು ನೆನೆದು ಮೂರು ದಿನ ಊಟ ಗಂಟಲಲ್ಲಿ ನಿಲ್ಲುತ್ತಿತ್ತು. ಶುಕ್ರವಾರ ಖಾಲಿ ಡಬ್ಬಿ ಹಿಡಿದು ಬಾಗಿಲ ತನಕ ಹೋದಳು. ಸ್ಟೋರಿನ ಮುಂದೆ ಮೂರು ಜನ ನಿಂತಿದ್ದರು. ವಾಪಸು ಬಂದು, ಹತ್ತಿಯನ್ನು ಮೇಣ ಕರಗಿಸುವ ಝೈಲೀನಿನಲ್ಲಿ ಅದ್ದಿ ಹಳೆಯ ಬ್ಲೇಡನ್ನೇ ಎರಡು ಸಲ ಒರೆಸಿ, ಇನ್ನೂರ ಹದಿನಾಲ್ಕನ್ನು ಸಿಕ್ಕಿಸಿದಳು. ಒರೆಸಿದೆನಲ್ಲ, ಎಂದುಕೊಂಡಳು. ಎರಡು ಟ್ಯೂಬು ಸುರುಳಿ: ಒಂದು ಪರೀಕ್ಷೆಗೆ, ಒಂದು ಕಾದಿಡುವುದಕ್ಕೆ.

ಇಷ್ಟೇ ಆಗಿದ್ದರೆ ಅವಳು ಕೈಯ ಮೇಲೆ ಗುಮಾನಿ ಪಡುತ್ತಿರಲಿಲ್ಲ, ತಲೆಯ ಮೇಲೆ ಪಡುತ್ತಿದ್ದಳು. ಆದರೆ ಇನ್ನೂರ ಹದಿನಾಲ್ಕು ಯಾರದೆಂದು ಶುಕ್ರವಾರ ಅವಳಿಗೆ ಗೊತ್ತಿತ್ತು. ಗುರುವಾರ ಲ್ಯಾಬಿನ ಕಿಟಕಿಯಲ್ಲಿ ಅವಳೇ ಕಾಗದ ಇಸಿದುಕೊಂಡಿದ್ದಳು. ಗಾಜಿನ ಅರ್ಧಚಂದ್ರದ ರಂಧ್ರದಲ್ಲಿ ಮೊದಲು ಬಂದದ್ದು ಒಂದು ಕೈ, ಉಗುರು ಒಪ್ಪವಾಗಿ ಕತ್ತರಿಸಿದ್ದು, ಹೆಬ್ಬೆರಳ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ಹಿಡಿದು ಗಟ್ಟಿಯಾದ ಚರ್ಮ. ಅವಳು ಮೊದಲು ಗುರುತು ಹಿಡಿದದ್ದು ಆ ಕೈಯನ್ನೇ, ಮುಖ ಆಮೇಲೆ. ಮೇಷ್ಟ್ರು. ತೆಳ್ಳಗಾಗಿದ್ದರು. ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡಿದ್ದರು. ಅವರು ಏನೋ ಹೇಳಿದರು, ಬರೀ ಗಾಳಿ ಬಂತು. ಪಕ್ಕದಲ್ಲಿದ್ದ ಹೆಂಡತಿ, ದಪ್ಪ ಕೈಚೀಲ ಎದೆಗವಚಿಕೊಂಡವರು, ಅನುವಾದ ಮಾಡುವವರ ಹಾಗೆ ಮುಂದೆ ಬಾಗಿ, “ಗಂಟಲಿಂದ ಚೂರು ತೆಗೆದ್ರಂತಲ್ಲಮ್ಮ, ಅದರ ಮೇಲೆ ಇನ್ನೇನೋ ಹೊಸ ಪರೀಕ್ಷೆ ಮಾಡ್ತಾರಂತೆ, ಈ ಕಾಗದ ಇಲ್ಲೇ ಕೊಡಬೇಕಂತೆ. ಇವರಿಗೆ ಮಾತಾಡಬೇಡಿ ಅಂದ್ರೆ ಕೇಳಲ್ಲ. ಮೂವತ್ತು ವರ್ಷ ಮಾತಾಡೇ ಊಟ ಮಾಡಿದ್ದಾರೆ ನೋಡು” ಅಂದರು. ಮೇಷ್ಟ್ರು ಅವಳ ಮುಖವನ್ನು ನೇರವಾಗಿ ನೋಡಿದರು. ಗುರುತು ಹತ್ತಲಿಲ್ಲ. ಒಂದು ಗೋಡೆಯನ್ನೋ ಗಡಿಯಾರವನ್ನೋ ನೋಡಿದ ಹಾಗೆ ನೋಡಿ, ಸಭ್ಯವಾಗಿ ತಲೆ ಆಡಿಸಿದರು. ಅವಳು ಕಾಗದದ ಮೇಲೆ ನಂಬರು ಹಾಕಿದಳು. ಇನ್ನೂರ ಹದಿನಾಲ್ಕು.

ಎಂಟನೇ ಕ್ಲಾಸಿನ ಮೂರನೇ ಬೆಂಚು, ಕಿಟಕಿಯ ಕಡೆ. ಪಾಠ ಯಾವುದೋ ನದಿಯದು. ಮೇಷ್ಟ್ರ ದನಿ ಆ ಕೋಣೆಯಲ್ಲಿ ಹಿಡಿಸುತ್ತಿರಲಿಲ್ಲ, ಆಚೆ ಆಟದ ಬಯಲಿನ ಕೊನೆಯಲ್ಲಿದ್ದವರೂ ಪಾಠ ಕೇಳಬಹುದಿತ್ತು. “ಎದ್ದು ನಿಂತು ಓದು” ಅನ್ನುತ್ತಿದ್ದರು. ಅವಳು ಎದ್ದು ನಿಲ್ಲುತ್ತಿದ್ದಳು. ಅಕ್ಷರ ಎಲ್ಲವೂ ಗೊತ್ತು. ಒಂದೊಂದನ್ನೇ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳಿಯಾಳು. ಆದರೆ ನಲವತ್ತು ಜನರ ಕಿವಿ ತೆರೆದುಕೊಂಡ ಕೂಡಲೇ ಅವು ಒಂದರ ಕೈ ಒಂದು ಬಿಟ್ಟುಬಿಡುತ್ತಿದ್ದವು. ಉ ಬರುತ್ತಿತ್ತು, ಅದರ ಮುಂದಿನದು ಬರುತ್ತಿರಲಿಲ್ಲ. “ಮುಂದೆ ಓದು” ಅನ್ನುತ್ತಿದ್ದರು. ಮತ್ತೆ ಉ. ಒಂದು ದಿನ ಮೇಷ್ಟ್ರು ತಾವೂ ಕುತ್ತಿಗೆ ಮುಂದೆ ಚಾಚಿ, ಕಣ್ಣು ಹಿಗ್ಗಿಸಿ, “ಉ... ಉ... ಉ...” ಅಂದು, ಬಸ್ಸಿನ ಕಂಡಕ್ಟರನ ದನಿ ಮಾಡಿ, “ಬಂತು ನೋಡಿ ನಿಲ್ದಾಣ, ಇಳಿಯೋರು ಇಳ್ಕೊಳ್ಳಿ!” ಎಂದರು. ಕ್ಲಾಸು ಬೆಂಚು ಬಡಿದು ನಕ್ಕಿತು. ಅವತ್ತಿನಿಂದ ಅವಳು ನಿಲ್ದಾಣ. ನೀರು ಕುಡಿಯುವ ನಲ್ಲಿಯ ಹತ್ತಿರ ನಿಲ್ದಾಣ, ಮನೆಗೆ ಹೋಗುವ ದಾರಿಯಲ್ಲಿ ನಿಲ್ದಾಣ. ದಸರಾ ರಜೆ ಮುಗಿದ ಮೇಲೆ ಹೊಟ್ಟೆನೋವು ಅಂದಳು, ತಲೆನೋವು ಅಂದಳು, ಆಮೇಲೆ ಏನೂ ಅನ್ನದೆ ಶಾಲೆ ಬಿಟ್ಟು ಅಡುಗೆಮನೆಯ ಮೂಲೆಯಲ್ಲಿ ಕೂತಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುತ್ತಿದ್ದ ಅಮ್ಮ ವಾರವಿಡೀ ಬೈದು, ಕೊನೆಗೆ ಒಂದು ಸಂಜೆ ಪಕ್ಕದಲ್ಲಿ ಕೂತು, “ಯಾರಾದ್ರೂ ಏನಾದ್ರೂ ಮಾಡಿದ್ರಾ? ನಿಜ ಹೇಳು” ಎಂದು ಬೇರೆಯದೇ ದನಿಯಲ್ಲಿ ಕೇಳಿದಳು. ಏನು ಹೇಳುವುದು? ಯಾರೂ ಏನೂ ಮಾಡಿರಲಿಲ್ಲ. ಅಮ್ಮ ಭಯಪಟ್ಟದ್ದೆಲ್ಲಕ್ಕಿಂತ ಅದು ಎಷ್ಟು ಚಿಕ್ಕದಾಗಿತ್ತೆಂದರೆ ಬಾಯಿ ಬಿಡಲು ನಾಚಿಕೆಯಾಯಿತು.

ಆದ್ದರಿಂದ ಈಗ ಅವಳಿಗೆ ಗೊತ್ತಾಗಬೇಕಾದದ್ದು ಒಂದೇ. ಶುಕ್ರವಾರ ಬಾಗಿಲ ತನಕ ಹೋದವಳು ವಾಪಸು ಬಂದದ್ದು ಬೀಗದಪ್ಪನಿಗೆ ಹೆದರಿಯೋ, ಇನ್ನೂರ ಹದಿನಾಲ್ಕು ಆದ್ದರಿಂದಲೋ? ಬೇರೆ ಯಾರದೋ ಗಂಟಲಾಗಿದ್ದರೆ ಆ ಮೂರು ಜನರ ಹಿಂದೆ ಹೋಗಿ ನಿಲ್ಲುತ್ತಿದ್ದಳೇ?

ಸೋಮವಾರ ಡಾಕ್ಟರಮ್ಮ ಗಾಜಿನ ಕೋಣೆಯಿಂದ ಹೊರಗೆ ಬಂದು, “ಇನ್ನೂರ ಹದಿನಾಲ್ಕಕ್ಕೆ ಅರವತ್ತೆರಡು ಪರ್ಸೆಂಟ್ ಬಂದಿದೆಯಲ್ಲ, ಇಷ್ಟೊಂದಾ?” ಎಂದಿದ್ದರು, ಯಾರಿಗೂ ಅಲ್ಲದ ಹಾಗೆ. ಈ ಪರೀಕ್ಷೆ ಏನೆಂದು ಡಾಕ್ಟರಮ್ಮ ಅವಳಿಗೆ ಒಮ್ಮೆ ಬಿಡುವಿನಲ್ಲಿ ಹೇಳಿದ್ದರು. ಹೇಳಬೇಕಾದ ಅಗತ್ಯವಿರಲಿಲ್ಲ, ಕತ್ತರಿಸುವವಳಿಗೂ ಗೊತ್ತಿರಲಿ ಎಂದು ಹೇಳಿದ್ದರು, ಅದನ್ನು ಅವಳು ಮರೆತಿಲ್ಲ. “ಜೀನ್ ಅಂದ್ರೆ ಪುಸ್ತಕದ ಒಂದು ಪುಟ ಅಂದ್ಕೋ. ಅಕ್ಷರ ಒಂದೂ ಅಳಿಸಿಲ್ಲ, ಒಂದೂ ತಪ್ಪಿಲ್ಲ. ಆದ್ರೆ ಕೆಲವು ಅಕ್ಷರದ ತಲೆ ಮೇಲೆ ಒಂದೊಂದು ಚುಕ್ಕೆ ಬಂದು ಕೂತಿರುತ್ತೆ. ಅದಕ್ಕೇ ಮಿಥೈಲೇಶನ್ ಅನ್ನೋದು. ಚುಕ್ಕೆ ಜಾಸ್ತಿ ಆದ್ರೆ ಆ ಪುಟಾನ ಯಾರೂ ಓದೋಕಾಗಲ್ಲ. ಗೆಡ್ಡೆಗೆ ಬೆಳೀಬೇಡ ಅಂತ ಗದರಿಸೋ ಜೀನೇ ಹಾಗೆ ಬಾಯಿ ಮುಚ್ಚಿಕೊಂಡ್ರೆ ಗೆಡ್ಡೆಗೆ ಇನ್ಯಾರ ಭಯ? ಅದಕ್ಕೇ ಚುಕ್ಕೆ ಎಷ್ಟಿದೆ ಅಂತ ಎಣಿಸೋದು. ಜಾಸ್ತಿ ಇದ್ದೋರಿಗೆ ಕಾಯಿಲೆ ತಿರುಗಿ ಬರೋದು ಜಾಸ್ತಿ ಅನ್ಸುತ್ತೆ. ಇನ್ನೂ ಪೂರ್ತಿ ಗೊತ್ತಿಲ್ಲ, ಅದಕ್ಕೇ ಈ ಸಂಶೋಧನೆ.” ದೊಡ್ಡಕ್ಕ ಆ ಕಡೆಯಿಂದ, “ನಮ್ಮ ಡಾಕ್ಟರಮ್ಮನ ಪರೀಕ್ಷೇಲಿ ಮಾತ್ರ ಜಾಸ್ತಿ ಮಾರ್ಕ್ಸ್ ಬಂದೋರೇ ಫೇಲು ಕಣೇ” ಎಂದು ನಗಿಸಿದ್ದಳು. ಅವಳು ನಗುತ್ತಲೇ, ಅಕ್ಷರವೆಲ್ಲ ಇದ್ದೂ ಓದಲಾಗದ ಆ ಪುಟವನ್ನು ಹತ್ತಿರದ ನೆಂಟರ ವಿಷಯ ಕೇಳಿದ ಹಾಗೆ ಕೇಳಿಸಿಕೊಂಡಿದ್ದಳು. ಇನ್ನೂರ ಹದಿಮೂರು ಎಂದೋ ತೀರಿಕೊಂಡವರ ಬ್ಲಾಕು. ಅದರ ತುಂಬ ಚುಕ್ಕೆಯೇ ಎಂದು ಗೊತ್ತಿದ್ದು, ಪರೀಕ್ಷೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವುದಕ್ಕೆ ಇಟ್ಟುಕೊಂಡದ್ದು. ಆ ಬ್ಲೇಡಿನ ಅಂಚಿನಿಂದ ಸತ್ತವರ ಎಳೆಯೊಂದು ಬದುಕಿದವರ ಟ್ಯೂಬಿಗೆ ಹೋಗಿ ಬಿದ್ದಿರಬಹುದು. ಬೀಳದೆಯೂ ಇರಬಹುದು. ನಾಳೆ ಬುಧವಾರ ಡಾಕ್ಟರುಗಳೆಲ್ಲ ಒಂದು ಮೇಜಿಗೆ ಸೇರುತ್ತಾರೆ. ಮೇಷ್ಟ್ರದು ಎರಡು ಕಡೆಗೂ ಸಮನಾಗಿ ನಿಂತ ಕೇಸು. ಧ್ವನಿಪೆಟ್ಟಿಗೆ ಉಳಿಸಿಕೊಂಡು ಬರೀ ರೇಡಿಯೇಷನ್ ಕೊಡುವುದೋ, ಪೂರ್ತಿ ತೆಗೆದುಹಾಕಿ ಕುತ್ತಿಗೆಯಲ್ಲಿ ತೂತು ಮಾಡುವುದೋ? ಬೇರೆಲ್ಲ ಸಮವಾಗಿದ್ದಾಗ ಈ ಅರವತ್ತೆರಡು ಬಂದು ಕೂತರೆ ತಕ್ಕಡಿ ತೆಗೆದುಹಾಕುವ ಕಡೆಗೇ ವಾಲುತ್ತದೆ.

“ನಂಬೋಕಾಗ್ತಿಲ್ಲ. ಕಾದಿಟ್ಟ ಟ್ಯೂಬಿಂದ ಇನ್ನೊಂದ್ಸಲ ಮಾಡಿಬಿಡ್ತೀನಿ. ಊಟ ಆದ್ಮೇಲೆ ತಂದಿಡು” ಎಂದಿದ್ದರು ಡಾಕ್ಟರಮ್ಮ ಇವತ್ತು ಬೆಳಿಗ್ಗೆ. ಕಾದಿಟ್ಟ ಟ್ಯೂಬೂ ಅದೇ ಬ್ಲೇಡಿನದೇ. ಆಗಲೇ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. “ಸರಿ ಮೇಡಂ” ಅಂತು ಬಾಯಿ.

ಒಂದು ಗಂಟೆಗೆ ಎಲ್ಲರೂ ಕ್ಯಾಂಟೀನಿಗೆ ಹೋದರು. ಅವಳು ಡ್ರಾಯರಿನಿಂದ ಇನ್ನೂರ ಹದಿನಾಲ್ಕನ್ನು ತೆಗೆದಳು. ದೊಡ್ಡಕ್ಕ ನಿನ್ನೆ ತಂದಿಟ್ಟ ತುಂಬಿದ ಡಬ್ಬಿಯಿಂದ ಹೊಸ ಬ್ಲೇಡು. ಐದು ನಿಮಿಷದ ಕೆಲಸ: ಹೊಸ ಸುರುಳಿ ಕತ್ತರಿಸಿ ಹೊಸ ಟ್ಯೂಬಿಗೆ ಹಾಕಿ, ಹಳೆಯದನ್ನು ಎಸೆದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಎಷ್ಟು ಸುಲಭ ಎಂದು ಬೆಳಗಿನಿಂದ ಹೊಳೆಯದಿದ್ದುದಕ್ಕೆ ನಗು ಬಂತು. ಬ್ಲಾಕಿನ ಮುಖದಲ್ಲಿ ಮೇಷ್ಟ್ರ ಚೂರು ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣ. ಇಷ್ಟೇ ಇಷ್ಟು. ಆ ಕೋಣೆಯಲ್ಲಿ ಹಿಡಿಸದ ದನಿ ಇದರ ಅಕ್ಕಪಕ್ಕದಿಂದ ಬರುತ್ತಿತ್ತು ಎಂದು ನಂಬುವುದು ಕಷ್ಟ. ಒಮ್ಮೆ ಬಿಚ್ಚಿದ ಬ್ಲಾಕನ್ನು ಮತ್ತೆ ಸಿಕ್ಕಿಸಿದಾಗ ಅದು ಮೊದಲಿನ ಕೋನದಲ್ಲೇ ಕೂರುವುದಿಲ್ಲ, ಕೂದಲೆಳೆಯಷ್ಟು ಓರೆಯಾಗುತ್ತದೆ. ಅದಕ್ಕೇ ಮೊದಲು ದಪ್ಪ ದಪ್ಪವಾಗಿ ಎರಡು ಸುತ್ತು ಸವರಿ ಮುಖ ಸಮ ಮಾಡಿಕೊಂಡು, ಆಮೇಲೆ ಮಷೀನಿನ ಗುಂಡಿಯನ್ನು ತೆಳುವಿಗೆ ತಿರುಗಿಸಬೇಕು. ದಪ್ಪಕ್ಕೆ ತಿರುಗಿಸಿದಳು. ಎರಡು ಸುತ್ತು ಸವರಿದಳು. ಹೊರಗೆ ಯಾರೋ ಚಪ್ಪಲಿ ಎಳೆಯುತ್ತ ಹೋದರು. ಉಸಿರು ಹಿಡಿದು ಕೇಳಿದಳು. ಹೆಜ್ಜೆ ದೂರವಾಯಿತು. ಅವಸರವಾಗಿ ಚಕ್ರ ತಿರುಗಿಸತೊಡಗಿದಳು, ಒಂದು, ಎರಡು, ಮೂರು, ಕೈ ತನ್ನ ಹಳೆಯ ಲಯಕ್ಕೆ ಬಿದ್ದು ಹಾಯೆನಿಸಿತು, ಏಳು, ಎಂಟು. ಇಕ್ಕಳ ಎತ್ತಿಕೊಂಡು ನೋಡಿದರೆ ಸುರುಳಿಯಿಲ್ಲ. ದಪ್ಪನೆಯ ಮೇಣದ ಹೊಟ್ಟು ಪುಡಿಪುಡಿಯಾಗಿ ಕೆಳಗಿನ ತಟ್ಟೆಗೆ ಉದುರಿತ್ತು. ಗುಂಡಿಯನ್ನು ತೆಳುವಿಗೆ ತಿರುಗಿಸಲು ಮರೆತಿದ್ದಳು. ಬ್ಲಾಕನ್ನು ಬೆಳಕಿಗೆ ಹಿಡಿದಳು. ಹಾಲಿನಂತೆ ಬೆಳ್ಳಗಿತ್ತು. ಬೂದು ಚುಕ್ಕೆ ಎಲ್ಲೂ ಇಲ್ಲ.

ತಟ್ಟೆಯಲ್ಲಿ ಬೆಳಗಿನ ಹನ್ನೊಂದು ಬ್ಲಾಕುಗಳ ಹೊಟ್ಟು. ಹನ್ನೊಂದು ಜನರ ಬಾಯಿ ಗಂಟಲು ಒಂದೇ ರಾಶಿ. ಅವಳು ಅದರ ಮೇಲೆ ಬಾಗಿ ಸೂಜಿಯ ತುದಿಯಿಂದ ಕೆದಕತೊಡಗಿದಳು. ಬೂದು ಬಣ್ಣದ್ದೊಂದು ಸಿಕ್ಕಿತು, ಇನ್ನೊಂದು ಸಿಕ್ಕಿತು, ಇದು ಯಾರದು, ಅದು ಯಾರದು. ಉಸಿರಿಗೆ ಹೊಟ್ಟು ಹಾರಿ ನೆಲಕ್ಕೆ ಬಿತ್ತು. ಮಂಡಿಯೂರಿ ಕೂತು ಮೇಜಿನ ಕೆಳಗೆ ಕೈ ಆಡಿಸುತ್ತಿರುವಾಗ ಬಾಗಿಲ ಹತ್ತಿರ ದೊಡ್ಡಕ್ಕನ ಕಾಲು ಕಂಡಿತು, ಊದಿಕೊಂಡ ಪಾದ, ಅಂಚು ಸವೆದ ಚಪ್ಪಲಿ.

“ಏನೇ ಹುಡುಕ್ತಿದ್ದೀಯಾ?”

“ಓಲೆ. ಬಿದ್ದೋಯ್ತು ಅಕ್ಕ” ಅಂದಳು. ಅನ್ನುತ್ತಲೇ ಮೇಜಿನ ಕೆಳಗೆ ಎಡಗೈ ಕಿವಿಗೆ ಹೋಗಿ ಓಲೆಯ ತಿರುಪು ಬಿಚ್ಚುತ್ತಿತ್ತು. ಎಡಗೈಗೂ ಇದೆಲ್ಲ ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

“ಅಯ್ಯೋ, ಅಮ್ಮ ಕೊಡಿಸಿದ್ದಲ್ವೇನೇ? ತಾಳು, ಅಲ್ಲಾಡಬೇಡ, ತುಳಿದುಬಿಟ್ಟೀಯ.” ಕುರ್ಚಿಯಿಂದ ಏಳುವುದಕ್ಕೇ ಎರಡು ಸಲ ಪ್ರಯತ್ನಿಸುವ ದೊಡ್ಡಕ್ಕ ಮೇಜಿನ ಅಂಚು ಹಿಡಿದು, “ಅಮ್ಮಾ” ಎಂದು ನರಳಿ, ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಊರಿದಳು. ಕನ್ನಡಕ ಮೂಗಿನ ತುದಿಗೆ ಜಾರಿತು. ಅಂಗೈಯಿಂದ ನೆಲವನ್ನು ಒತ್ತಿ ಒತ್ತಿ ನೋಡುತ್ತ, “ಚಿನ್ನ ಎಲ್ಲೂ ಹೋಗಲ್ಲ, ಹೆದರಬೇಡ. ನನ್ನ ಮದುವೆ ಉಂಗುರ ಒಂದ್ಸಲ ಮೇಣದ ಪಾತ್ರೇಲಿ ಬಿದ್ದಿತ್ತು ಗೊತ್ತಾ? ಯಾರದೋ ಬ್ಲಾಕಿನ ಜೊತೆ ಅಚ್ಚಾಗಿಬಿಡ್ತಿತ್ತು. ನಮ್ಮ ಯಜಮಾನ್ರು, ಹೋಗ್ಲಿ ಬಿಡು, ಡಾಕ್ಟ್ರು ನೋಡಿ ಇವಳಿಗೆ ಗಂಡನ ಗೆಡ್ಡೆ ಅಂತ ಬರೀತಿದ್ರು ಅಂದ್ರು.” ತಾನೇ ನಕ್ಕಳು. ಅವಳೂ ನಕ್ಕಳು. ಮತ್ತೆ ನಕ್ಕಳು, ಜೊತೆಗೆ. ದೊಡ್ಡಕ್ಕನ ಸೀರೆಯ ತುಂಬ ಹೊಟ್ಟು ಅಂಟಿಕೊಂಡಿತ್ತು. ಆ ಹೊಟ್ಟಿನಲ್ಲಿ ಎಲ್ಲೋ ಮೇಷ್ಟ್ರು. ಬೆವರಿದ ಮುಷ್ಟಿಯಲ್ಲಿ ಓಲೆ ಚುಚ್ಚುತ್ತಿತ್ತು. “ಸಿಕ್ತು ಅಕ್ಕ” ಎಂದು ಮುಷ್ಟಿ ಬಿಚ್ಚಿ ತೋರಿಸಿದಾಗ ದೊಡ್ಡಕ್ಕನ ಮುಖ ಅರಳಿತು. ಅಂಥ ಸಂತೋಷ! “ನಾನು ಹೇಳ್ಲಿಲ್ವಾ?” ಎಂದು ಅವಳ ಕೆನ್ನೆ ತಟ್ಟಿ, ಏಳುವುದಕ್ಕೆ ಕೈ ಚಾಚಿದಳು. ಆ ಭಾರವನ್ನು ಎತ್ತಿ ನಿಲ್ಲಿಸುವಾಗ ದೊಡ್ಡಕ್ಕನ ಮಂಡಿ ಲಟಕ್ಕೆಂದಿತು. ಕೈ ತೊಳೆಯಲು ದೊಡ್ಡಕ್ಕ ಕುಂಟುತ್ತ ಹೋದದ್ದನ್ನು ಅವಳು ಕೊನೆಯ ತನಕ ನೋಡಿದಳು.

ಡಾಕ್ಟರಮ್ಮ ಊಟ ಮುಗಿಸಿ ಬರುವುದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಐಸಿನ ಮೇಲೆ ಮತ್ತೊಮ್ಮೆ ಕತ್ತರಿಸಲು ಇಟ್ಟ ಇನ್ನೂರ ಹದಿನೈದು ಇತ್ತು, ಯಾರದೋ ನಾಲಿಗೆ, ದೊಡ್ಡ ಚೂರು, ಎಷ್ಟು ಬೇಕಾದರೂ ಕತ್ತರಿಸಬಹುದು. ಅದಕ್ಕೆ ಹನ್ನೆರಡು ಬಂದಿದೆ ಎಂದು ಡಾಕ್ಟರಮ್ಮನ ಪಟ್ಟಿಯಲ್ಲಿ ನೋಡಿದ್ದಳು. ಅದರ ನಾಲ್ಕು ಸುರುಳಿ ಎತ್ತಿ, ಟ್ಯೂಬಿನ ಮೇಲೆ ಇನ್ನೂರ ಹದಿನಾಲ್ಕು ಎಂದು ಬರೆದರೆ, ನಾಳೆ ತಕ್ಕಡಿ ರೇಡಿಯೇಷನ್ ಕಡೆ ವಾಲುತ್ತದೆ, ಮೇಷ್ಟ್ರ ದನಿ ಉಳಿಯುತ್ತದೆ. ಅವರಿಗೆ ಒಳ್ಳೆಯದನ್ನೇ ಮಾಡಿದ ಹಾಗಾಗುತ್ತದೆ. ಹೀಗೆ ಅನ್ನಿಸಿದಾಗ ಅವಳಿಗೆ ಭಯವಾಗಲಿಲ್ಲ, ಅದೇ ಭಯವಾಯಿತು. ಬ್ಲಾಕು ಬೆರಳುಗಳ ನಡುವೆ ಇತ್ತು. ಯಾವ ಕೈ ಎತ್ತಿಕೊಂಡಿತು, ಯಾವಾಗ ಎತ್ತಿಕೊಂಡಿತು? ಅವರ ಗಂಟಲಲ್ಲಿ ನಿಜವಾಗಿ ಏನಿದೆಯೋ. ಚುಕ್ಕೆಯೇ ತುಂಬಿದ್ದು, ಉಳಿಸಿದ ದನಿಯ ಪಕ್ಕದಲ್ಲೇ ಗೆಡ್ಡೆ ತಿರುಗಿ ಬಂದರೆ? ಓಲೆಯ ಸುಳ್ಳಿಗೆ ಒಬ್ಬಳು ಮಂಡಿಯೂರಿದಳು. ಇದಕ್ಕೆ ಯಾರು ಯಾರು ಮಂಡಿಯೂರಬೇಕೋ. ಅವಳು ಇನ್ನೂರ ಹದಿನೈದನ್ನು ಐಸಿನ ಮೇಲೆ ವಾಪಸು ಇಟ್ಟು, ಬೆಳ್ಳನೆಯ ಬ್ಲಾಕನ್ನು ಅಂಗೈಯಲ್ಲಿ ಹಿಡಿದು, ಡಾಕ್ಟರಮ್ಮ ವಾಪಸು ಬಂದ ಕೂಡಲೇ ಗಾಜಿನ ಕೋಣೆಯ ಬಾಗಿಲು ತಟ್ಟಿದಳು.

ಎಲ್ಲ ಕೇಳಿಯೂ ಡಾಕ್ಟರಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬ್ಲಾಕನ್ನು ತಿರುಗಿಸಿ ತಿರುಗಿಸಿ ನೋಡಿ, ಪೆನ್ನು ತೆಗೆದುಕೊಂಡು, “ಶುಕ್ರವಾರ ಎಷ್ಟು ಹೊತ್ತಿಗೆ?” ಎಂದು ಕೇಳಿ ಬರೆದುಕೊಂಡರು.

“ಬ್ಲೇಡು ಇರ್ಲಿಲ್ಲ ಅಂದ್ರೆ ಕೇಳಬಹುದಿತ್ತಲ್ಲ?”

“ಕೇಳೋಕೆ... ನಾಚಿಕೆ ಆಯ್ತು ಮೇಡಂ.”

ಆ ಮಾತು ಮೇಜಿನ ಮೇಲೆ ಬಿತ್ತು. ಇಬ್ಬರೂ ಅದನ್ನು ನೋಡಿದರು. ಇಷ್ಟು ದಿನ ಎದೆಯೊಳಗೆ ಬಂಡೆಯಷ್ಟಿದ್ದದ್ದು ಹೊರಗೆ ಬಂದರೆ ಕಡಲೆಕಾಳಿನಷ್ಟೂ ಇರಲಿಲ್ಲ. ಡಾಕ್ಟರಮ್ಮನ ಹುಬ್ಬು ಅರ್ಧ ಏರಿ ಅಲ್ಲೇ ನಿಂತಿತು. ಆಮೇಲೆ ಕೇಳಿದರು: “ನೀನು ಹೇಳದೇ ಇದ್ದಿದ್ರೆ ನಾನು ನಾಳೆ ಅರವತ್ತೆರಡು ಅಂತಲೇ ಓದ್ತಿದ್ದೆ. ಗೊತ್ತಾ?”

“ಗೊತ್ತು ಮೇಡಂ.”

“ಕಾಯಿಲೆ ನೋಡೋಕೆ ಮೊದಲೇ ಬಣ್ಣ ಹಾಕಿದ ಸ್ಲೈಡಲ್ಲಿ ಇರೋ ಎಳೆ ಇದಕ್ಕೆ ಸಾಲಲ್ಲ. ಇನ್ನೊಂದು ಚೂರು ತೆಗೀಲೇಬೇಕು. ನಾಳೆ ಅವರ ಕೇಸು ಬೇಡ ಅಂತ ಹೇಳ್ತೀನಿ.” ಒಪ್ಪಿಗೆಯ ಫಾರಮ್ಮೊಂದನ್ನು ಎಳೆದುಕೊಂಡು, ಖಾಲಿ ಬಿಟ್ಟ ಜಾಗದಲ್ಲಿ ದುಂಡಗಿನ ಅಕ್ಷರದಲ್ಲಿ ಎರಡು ಸಾಲು ಬರೆದರು. “ಅವರು ರಿಪೋರ್ಟಿಗೆ ಅಂತ ಬಂದು ಕೂತಿದ್ದಾರೆ, ನೋಡಿದೆ. ಇದನ್ನ ಓದಿ ಹೇಳಿ ಸಹಿ ಮಾಡಿಸ್ಕೋ. ಪೂರ್ತಿ ಓದಿ ಹೇಳಬೇಕು, ಜೋರಾಗಿ. ಗೊತ್ತಲ್ಲ ನಿಯಮ. ಸಹಿ ಆದ್ಮೇಲೆ ಅವರಿಗೆ ಏನು ಕೇಳ್ಬೇಕಿದ್ರೂ ನಾನು ಬರ್ತೀನಿ.”

“ದೊಡ್ಡಕ್ಕ ಓದಲಿ ಮೇಡಂ.”

ಡಾಕ್ಟರಮ್ಮ ಅವಳ ಮುಖ ನೋಡಿದರು. “ಬೇಡ. ನೀನೇ ಓದು.” ಶಿಕ್ಷೆಯ ದನಿಯೇನೂ ಅಲ್ಲ. ಅವರಿಗೆ ಮೂರನೇ ಬೆಂಚಿನ ವಿಷಯ ಎಲ್ಲಿಂದ ಗೊತ್ತಿರಬೇಕು.

ಕಿಟಕಿಯ ಮುಂದೆ ಏಳೆಂಟು ಜನರ ಸಾಲು. ಮೇಷ್ಟ್ರನ್ನು ನಂಬರಿನಿಂದ ಕರೆದಳು. ಅವರು ಎದ್ದು, ಅಂಗಿಯ ಕೊರಳಪಟ್ಟಿ ಸರಿಮಾಡಿಕೊಂಡು, ಕರೆದದ್ದು ತಮ್ಮನ್ನು ಸನ್ಮಾನಕ್ಕೋ ಎಂಬ ಹಾಗೆ ನೆಟ್ಟಗೆ ನಡೆದು ಬಂದರು. ಹಿಂದೆ ಹೆಂಡತಿ, ಕೈಚೀಲ. “ಬಂತೇನಮ್ಮ? ಒಳ್ಳೇದೇ ತಾನೇ?” ಅವಳು ಫಾರಮ್ಮನ್ನು ಕಟ್ಟೆಯ ಮೇಲೆ ಬಿಚ್ಚಿಟ್ಟಳು. ಓದಿ ಹೇಳಬೇಕು ಅಂದಳು. ಮೇಷ್ಟ್ರು ಕಣ್ಣು ಅರ್ಧ ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ ನಿಂತರು. ಕೇಳುವುದಕ್ಕೆ ನಿಲ್ಲುವಾಗ ಅವರು ಅವತ್ತೂ ಹೀಗೆಯೇ ನಿಲ್ಲುತ್ತಿದ್ದರು.

“ಮೊದಲು ತೆಗೆದ... ಅಂ... ಅಂಗಾಂಶದ ಚೂರು... ಪ್ರ...” ನಿಂತಿತು. ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದ ಶಬ್ದ, ನಾಲ್ಕು ವರ್ಷದಿಂದ ದಿನಾ ಅದರ ಕೆಳಗೆ ನುಸುಳಿ ಒಳಗೆ ಹೋಗಿದ್ದಾಳೆ. “ಪ್ರ... ಪ್ರ...” ಸಾಲಿನ ಹಿಂದಿನಿಂದ ಯಾರೋ, “ಬೇಗ ಓದಮ್ಮ, ಸಂಜೆಯಾಗ್ತದೆ” ಅಂದರು. ಇನ್ಯಾರೋ ಕಿಸಕ್ಕೆಂದರು. ಅವಳು ಕಾಯುತ್ತಿದ್ದಳು. ಈಗ ಬರುತ್ತದೆ, ಕುತ್ತಿಗೆ ಮುಂದೆ ಚಾಚುತ್ತದೆ, ಕಂಡಕ್ಟರನ ದನಿ. ಮೇಷ್ಟ್ರು ಹಿಂದಕ್ಕೆ ತಿರುಗದೆಯೇ ಬಲಗೈ ಎತ್ತಿದರು, ಕ್ಲಾಸನ್ನು ಸುಮ್ಮನಾಗಿಸುವ ಕೈ. ಸಾಲು ಸುಮ್ಮನಾಯಿತು. ಆ ಕೈ ಕಟ್ಟೆಯ ಮೇಲೆ ಇಳಿಯಿತು.

“ಪ್ರಯೋಗಾಲಯದ ಸಿಬ್ಬಂದಿಯ ತಪ್ಪಿನಿಂದ... ಪರೀಕ್ಷೆಗೆ ಬಾರದಂತಾಗಿದೆ.”

ಮೊದಲು ಅರ್ಥವಾದದ್ದು ಹೆಂಡತಿಗೆ. “ಅಂದ್ರೆ? ಕಳೆದುಬಿಟ್ರಾ? ಮತ್ತೆ ಗಂಟಲೊಳಗೆ ಆ ಕೊಳವೆ ಹಾಕ್ತಾರಾ? ಮೂರು ದಿನ ನೀರು ಇಳೀಲಿಲ್ಲಮ್ಮ ಇವರಿಗೆ, ರಕ್ತ ಉಗುಳಿದ್ರು! ಯಾರು ಆ ಸಿಬ್ಬಂದಿ? ಕರಿ, ಹೊರಗೆ ಕರಿ ಅವರನ್ನ, ನಾನೂ ಮುಖ ನೋಡ್ತೀನಿ.”

ಒಳಗೆ ದೊಡ್ಡಕ್ಕ ಕುರ್ಚಿಯಿಂದ ಏಳುವ ಶಬ್ದ ಕೇಳಿಸಿತು, ಮೊದಲ ಪ್ರಯತ್ನ, ಎರಡನೇ ಪ್ರಯತ್ನ. ಇನ್ನೇನು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ, ಏನಾದರೂ ಹೇಳಿ ಬಿಡಿಸಿಕೊಳ್ಳುತ್ತಾಳೆ.

“ನಾನೇ” ಅಂದಳು. “ನಾನೇ ಸರ್, ಮಾಡಿದ್ದು.”

ಅವಳ ದನಿ ಗಾಜಿಗೆ ಬಡಿದು ಅವಳಿಗೇ ವಾಪಸು ಬಂತು. ಹೆಂಡತಿಯ ಬಾಯಿ ತೆರೆದೇ ಇತ್ತು. “ನೀನಾ? ನಿಂತ್ಕೊಂಡು ಓದ್ತಿದ್ದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?” ಎಂದರು. ಆಗುತ್ತದೆ ಎಂದು ಹೇಳಬೇಕೆನಿಸಿತು, ಅದೊಂದೇ ಆಗುವುದು ಎಂದು. ಮೇಷ್ಟ್ರು ಹೆಂಡತಿಯ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟರು. ಆಮೇಲೆ ಅವಳನ್ನು ನೋಡಿದರು. ಗೋಡೆಯನ್ನು ನೋಡಿದ ಹಾಗಲ್ಲ. ಹಣೆಯಿಂದ ಗಲ್ಲದ ತನಕ, ಆಮೇಲೆ ಅರ್ಧದಲ್ಲಿ ನಿಂತ ಅವಳ ತುಟಿ, ಮತ್ತೆ ಕಣ್ಣು. ಗುರುತು ಹತ್ತಿತೋ, ಅಥವಾ ಮೂವತ್ತು ವರ್ಷದಲ್ಲಿ ಅವರ ಮುಂದೆ ಎದ್ದು ನಿಂತು ಉಗುಳು ನುಂಗಿದ ನೂರಾರು ಮುಖಗಳಲ್ಲಿ ಇದೂ ಒಂದೆಂದು ಕಂಡಿತೋ, ಅವಳಿಗೆ ತಿಳಿಯಲಿಲ್ಲ. ಬೈದರೆ ಬೈಯಲಿ ಎಂದು ನಿಂತಳು. ಬೈಯುವುದಕ್ಕೆ ದನಿ ಎಲ್ಲಿದೆ ಅವರಿಗೆ, ಎಂಬುದು ಥಟ್ಟನೆ ಹೊಳೆದು, ಮೊದಲ ಸಲ ಅವಳ ಕಣ್ಣು ತುಂಬಿತು. ಫಾರಮ್ಮಿನ ಅಕ್ಷರಗಳು ನೀರಲ್ಲಿ ತೇಲಿದವು. ಮೇಷ್ಟ್ರು ಕುತ್ತಿಗೆಯ ಕರವಸ್ತ್ರವನ್ನು ಸ್ವಲ್ಪ ಸಡಿಲ ಮಾಡಿ, ರಂಧ್ರದ ಹತ್ತಿರಕ್ಕೆ ಬಾಗಿದರು. ಬಹಳ ಕಷ್ಟಪಟ್ಟು, ಒಣಗಿದ ಎಲೆಯನ್ನು ನೆಲದ ಮೇಲೆ ಎಳೆದಂಥ ಸದ್ದಿನಲ್ಲಿ ಎರಡು ಶಬ್ದ ಹೊರಗೆ ಬಂತು.

“ಮುಂದೆ ಓದು.”

ಕೋಪವೋ ಕರುಣೆಯೋ, ಬರೀ ಹಳೆಯ ಅಭ್ಯಾಸವೋ. ಆ ಗಾಳಿಯಲ್ಲಿ ಯಾವುದನ್ನೂ ಬೇರ್ಪಡಿಸಲಾಗಲಿಲ್ಲ. ಅವಳು ಬಲಗೈಯ ತೋರುಬೆರಳನ್ನು ಸಾಲಿನ ಕೆಳಗೆ ಇಟ್ಟಳು. ಉಗುರಿನಲ್ಲಿ ಮೇಣ ಸಿಕ್ಕಿಕೊಂಡಿತ್ತು. ಅದು ತನ್ನದೇ ಬೆರಳು. ನಿಂತಲ್ಲಿಂದ ಓದಿದಳು.